ಸುಗ್ಗಿಗೆ ಮುಂಚಿನ ಓದು

ಮಹಮ್ಮದ್ ಆದಿಲಶಾಹನ ಕಾಲದಲ್ಲಿ ಕಟ್ಟಿದ ವಿಸ್ತಾರವಾದ ಕೆರೆಯಿಂದ ಹೆಸರಾದ ವಿಜಯಪುರ ಜಿಲ್ಲೆಯ ಮಮದಾಪುರದ ಸುತ್ತಿನ ಎರೆಭೂಮಿಯಲ್ಲಿ ಹಿಂಗಾರಿನ ಬಿಳಿಜೋಳವು ಕೈಗೆ ಬರುವ ಕಾಲವೂ, ಹತ್ತನೆಯ ತರಗತಿಯ ಮಕ್ಕಳು ವಾರ್ಷಿಕ ಪರೀಕ್ಷೆಗೆ ಅಣಿಯಾಗಬೇಕಾದ ಕಾಲವೂ ಬಹುಮಟ್ಟಿಗೆ ಒಂದೇ ಆಗಿರುವುದನ್ನು, ಅಭ್ಯಾಸಕ್ರಮದ ವಿಷಯವಾಗಿ ಉಪದೇಶಮಾಡುವ ಪುಸ್ತಕಗಳು ಗಮನಕ್ಕೆ ತಂದುಕೊಂಡಂತೆ ಕಾಣುವುದಿಲ್ಲ. ಪಟ್ಟಣದ ವಿದ್ಯಾರ್ಥಿಗೆ ಫೆಬ್ರುವರಿ ತಿಂಗಳೆಂದರೆ ಬಾಗಿಲು ಮುಚ್ಚಿಕೊಂಡು ಓದುವ ತಿಂಗಳು. ಇಲ್ಲಿಯ ಒಕ್ಕಲಿನ ಮನೆಯ ಮಕ್ಕಳಿಗೆ ಅದು ಜೋಳ ಕೀಳುವ, ತೆನೆ ಮುರಿಯುವ, ಕಣಿಕೆಯ ಸೂಡು ಕಟ್ಟುವ, ರಾಶಿಯ ದಿನ ಹೊಲದವರಿಗೆ ಬುತ್ತಿ ಒಯ್ಯುವ ತಿಂಗಳು. ಕೂಲಿಯ ಆಳು ಸಿಕ್ಕದ ಈ ದಿನಗಳಲ್ಲಿ ಮನೆಯವರು ಮಕ್ಕಳನ್ನು ಹೊಲಕ್ಕೆ ಕರೆದರೆ ಅದನ್ನು ತಪ್ಪೆಂದು ಹಳಿಯಲು ನನಗೆ ಮನಸ್ಸು ಬಾರದು. ಆದರೆ ಪರೀಕ್ಷೆಯ ಮುಂಚಿನ ಒಂದು ತಿಂಗಳಲ್ಲಿ ಹಗಲಿರುಳು ಓದಿ ಆರು ವಿಷಯಗಳನ್ನೂ ಮುಗಿಸಿಬಿಡಬಹುದೆಂದು ನಂಬಿ ಜೂನಿನಿಂದ ಜನವರಿಯವರೆಗೆ ಪುಸ್ತಕವನ್ನು ಮಡಿಸಿಡುವ ರೂಢಿಯು ಎಲ್ಲಿ ಸಲ್ಲಬಹುದಾದರೂ ಈ ನಾಡಿನಲ್ಲಿ ಸಲ್ಲದು. ಏಕೆಂದರೆ ಆ ತಿಂಗಳು ವಿದ್ಯಾರ್ಥಿಯ ಸ್ವಾಧೀನದಲ್ಲಿಯೇ ಇರುವುದಿಲ್ಲ.

ಬಿಳಿಜೋಳದ ಬೆಳೆಯ ಮರ್ಮವನ್ನು ಬಲ್ಲವರಿಗೆ ಈ ಮಾತನ್ನು ವಿಸ್ತರಿಸಿ ಹೇಳಬೇಕಾಗಿಲ್ಲ. ಸೆಪ್ಟೆಂಬರ್ ಅಕ್ಟೋಬರ್ ತಿಂಗಳುಗಳಲ್ಲಿ ಬಿತ್ತಿದ ಮೇಲೆ ಮಳೆಯು ಬಹುಶಃ ಬಾರದು. ಮುಂಗಾರಿನುದ್ದಕ್ಕೂ ತಡೆತಡೆದು ಬಿದ್ದು ಎರೆಮಣ್ಣಿನ ಆಳಕ್ಕೆ ಇಳಿದ ಹಸಿಯ ಮೇಲೆಯೇ ಪೈರು ತೆನೆಗಟ್ಟುತ್ತದೆ, ಒಂದೇ ರಾತ್ರಿ ಧೋ ಎಂದು ಸುರಿದ ಮಳೆಯಾದರೋ ಒಡ್ಡನ್ನು ಒಡೆದು ಮಣ್ಣನ್ನೂ ಕೊಚ್ಚಿಕೊಂಡು ಹಳ್ಳವನ್ನು ಸೇರುತ್ತದೆ. ವಿದ್ಯೆಯೂ ಹೀಗೆಯೇ ಬಿಡುವು ಕೊಟ್ಟು ಇಂಗಿಸಬೇಕಾದ ವಸ್ತುವೆಂಬುದಕ್ಕೆ ಮನಶ್ಶಾಸ್ತ್ರಜ್ಞರು ಪ್ರಯೋಗಗಳ ಆಧಾರವನ್ನು ಒದಗಿಸಿದ್ದಾರೆ.

ಮೊದಲು ಓದುವ ರೀತಿಯನ್ನೇ ನೋಡೋಣ. ಸಂಜೆಯ ಹೊತ್ತು, ಅಡುಗೆಮನೆಯಿಂದ ರೊಟ್ಟಿ ಬಡಿಯುವ ಸಪ್ಪಳ ಕೇಳಿಬರುತ್ತಿರಲು, ಪಡಸಾಲೆಯ ಕಂಬಕ್ಕೆ ಒರಗಿ ಕುಳಿತ ಹುಡುಗಿಯೊಬ್ಬಳು ವಿಜ್ಞಾನದ ಪಾಠವನ್ನು ರಾಗವಾಗಿ ಓದುತ್ತಿರುವಳೆಂದು ಭಾವಿಸಿರಿ. ಒಮ್ಮೆ ಓದಿದಳು; ಮುಖ್ಯವೆನಿಸಿದ ಸಾಲುಗಳ ಕೆಳಗೆ ಗೆರೆ ಎಳೆದು ಮತ್ತೊಮ್ಮೆ ಓದಿದಳು; ಮೂರನೆಯ ಸಲ ಓದುವಾಗ ನಾಲಗೆಯು ತಡವರಿಸದೆ ಓಡಿತು. ‘ಓದೂದು ಮುಗೀತೇನ ಯವ್ವಾ?’ ಎಂದು ಒಳಗಿನಿಂದ ತಾಯಿ ಕೇಳಿದರೆ, ‘ಹೂನವ್ವಾ, ಮೂರು ಸಲ ಓದೀನಿ’ ಎಂದು ಮಗಳು ಉತ್ತರಿಸುತ್ತಾಳೆ. ಅವಳ ಮಾತಿನಲ್ಲಿ ಸುಳ್ಳಿಲ್ಲ, ಶ್ರಮದಲ್ಲಿ ಕೊರತೆಯಿಲ್ಲ. ಆದರೂ ಮಾರನೆಯ ದಿನ ಗುರುಗಳು, ದ್ಯುತಿಸಂಶ್ಲೇಷಣೆಗೆ ಬೇಕಾದ ದ್ರವ್ಯಗಳಾವುವು, ಅದರಿಂದ ಹೊರಬರುವುದೇನು ಎಂದು ಕೇಳಿದರೆ ಹುಡುಗಿ ಎದ್ದು ನಿಂತು ನೆಲವನ್ನು ನೋಡುತ್ತಾಳೆ. ಅಕ್ಷರಗಳು ಕಣ್ಣಿಗೆ ಪರಿಚಿತವಾದುದನ್ನೇ ವಿಷಯವು ತನ್ನದಾಯಿತೆಂದು ಆಕೆ ಬಗೆದಿದ್ದಳು. ಇಂಥ ಭ್ರಮೆಯು ದಡ್ಡರಿಗಿಂತಲೂ ಶ್ರದ್ಧಾವಂತರನ್ನೇ ಹೆಚ್ಚಾಗಿ ಹಿಡಿಯುವುದೆಂಬುದು ನನಗೆ ನಿಜವಾಗಿಯೂ ವ್ಯಥೆಯನ್ನುಂಟುಮಾಡುವ ಸಂಗತಿ.

ಅಮೆರಿಕದ ಸೇಂಟ್ ಲೂಯಿಸ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾಲಯದ ರೋಡಿಗರ್ ಮತ್ತು ಕಾರ್ಪಿಕ್ ಎಂಬಿಬ್ಬರು 2006ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇದೇ ಭ್ರಮೆಯನ್ನು ಪರೀಕ್ಷೆಗೆ ಒಡ್ಡಿತು. ಗದ್ಯಭಾಗವೊಂದನ್ನು ಓದಿದ ವಿದ್ಯಾರ್ಥಿಗಳು ಒಮ್ಮೆ ಅದನ್ನು ಮತ್ತೆ ಓದಬೇಕು; ಇನ್ನೊಂದು ಭಾಗವನ್ನು ಮತ್ತೆ ಓದದೆ, ನೆನಪಿನಲ್ಲಿ ಉಳಿದಷ್ಟನ್ನೂ ಬರಿಯ ಹಾಳೆಯ ಮೇಲೆ ಬರೆಯಬೇಕು. ಐದು ನಿಮಿಷಗಳ ತರುವಾಯ ಪರೀಕ್ಷಿಸಿದಾಗ ಮರಳಿ ಓದಿದುದರಲ್ಲಿ ಶೇಕಡಾ 81ರಷ್ಟೂ, ಬರೆದು ನೋಡಿದುದರಲ್ಲಿ ಶೇಕಡಾ 75ರಷ್ಟೂ ಜ್ಞಾಪಕದಲ್ಲಿತ್ತು. ವಾರ ಕಳೆದ ಮೇಲೆ ಪರೀಕ್ಷಿಸಿದಾಗಲಾದರೋ ತಕ್ಕಡಿಯು ತಿರುಗಿತು: ಮರಳಿ ಓದಿದುದು ಶೇಕಡಾ 42ಕ್ಕೆ ಇಳಿದಿತ್ತು, ಪುಸ್ತಕ ಮುಚ್ಚಿ ಬರೆದುದು ಶೇಕಡಾ 56ರಲ್ಲಿ ನಿಂತಿತ್ತು. ನಾಳೆಯೇ ಮರೆತರೂ ಚಿಂತೆಯಿಲ್ಲವೆನ್ನುವವನು ಓದಿದ್ದನ್ನೇ ಓದಲಿ. ಮಾರ್ಚಿನವರೆಗೆ ಉಳಿಯಬೇಕೆನ್ನುವವನು ಪುಸ್ತಕವನ್ನು ಮುಚ್ಚತಕ್ಕದ್ದು.

ಇದಕ್ಕೆ ಖರ್ಚಿಲ್ಲ. ಪಾಠವನ್ನು ಒಮ್ಮೆ ಗಮನವಿಟ್ಟು ಓದಿ, ಪುಸ್ತಕವನ್ನು ಮಗುಚಿಟ್ಟು, ಮನೆಯ ನೆಲದ ಪರಸಿಕಲ್ಲಿನ ಮೇಲೆ ಬಳಪದಿಂದ ತಿಳಿದಷ್ಟನ್ನು ಬರೆದು, ಆಮೇಲೆ ಪುಸ್ತಕವನ್ನು ತೆರೆದು ಬಿಟ್ಟುಹೋದುದೇನೆಂದು ಹೋಲಿಸಿ ನೋಡಿದರೆ ಸಾಕು. ಮೊದಲ ದಿನಗಳಲ್ಲಿ ನಾಲ್ಕು ಸಾಲೂ ಬಾರದಿರಬಹುದು, ಬೇಸರವೂ ಆದೀತು. ಆದರೆ ನೆನಪಿಗಾಗಿ ಮನಸ್ಸು ತಡಕಾಡುವ ಆ ಪ್ರಯಾಸದ ಕ್ಷಣಗಳಲ್ಲಿಯೇ ಕಲಿಕೆಯು ಗಟ್ಟಿಯಾಗುತ್ತದೆ. ನಮ್ಮ ಹಿಂದಿನ ಗಾಂವಟಿ ಶಾಲೆಗಳಲ್ಲಿ ಮರಳಿನ ಮೇಲೆ ಬೆರಳಿನಿಂದ ತಿದ್ದಿ, ಮುಸ್ಸಂಜೆಯಲ್ಲಿ ಸಾಲಾಗಿ ನಿಂತು ಮಗ್ಗಿಗಳನ್ನು ಒಪ್ಪಿಸುತ್ತಿದ್ದ ಕ್ರಮವನ್ನು ಗಿಳಿಪಾಠವೆಂದು ಜರೆಯುವುದು ಈಗ ವಾಡಿಕೆಯಾಗಿದೆ. ಅರ್ಥವನ್ನು ಬಿಟ್ಟು ಶಬ್ದವನ್ನು ಹಿಡಿದದ್ದು ಅದರ ದೋಷವೆಂಬುದನ್ನು ಒಪ್ಪತಕ್ಕದ್ದೇ. ಆದರೂ ನೋಡದೆ ಹೇಳಬೇಕೆಂಬ ಅದರ ನಿಯಮವನ್ನೂ ಜೊತೆಗೇ ಕೈಬಿಟ್ಟು ನಾವು ನಷ್ಟವನ್ನೇ ಹೊಂದಿದೆವೆಂದು ನಾನು ತಿಳಿಯುತ್ತೇನೆ.

ಇನ್ನು ಬಿಡುವಿನ ವಿಚಾರ. ಹರ್ಮನ್ ಎಬ್ಬಿಂಗ್‌ಹೌಸ್ ಎಂಬ ಜರ್ಮನ್ ವಿದ್ವಾಂಸನು ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಕಂಠಸ್ಥಮಾಡಿ, ಬೇರೆ ಬೇರೆ ಅವಧಿಗಳ ತರುವಾಯ ಅವನ್ನೇ ಮತ್ತೆ ಕಲಿಯಲು ಎಷ್ಟು ಶ್ರಮ ಉಳಿಯುವುದೆಂದು ಅಳೆದು, ಫಲಿತಾಂಶವನ್ನು 1885ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದನು. ಒಂದು ಗಂಟೆ ಕಳೆಯುವುದರೊಳಗೆ ಆ ಉಳಿತಾಯವು ಅರ್ಧಕ್ಕಿಂತ ಕೆಳಗೆ ಇಳಿದಿತ್ತು; ಒಂದು ದಿನದ ಮೇಲೆ ಮೂರನೆಯ ಒಂದು ಪಾಲಿನಷ್ಟಾಯಿತು; ಅಲ್ಲಿಂದ ಮುಂದೆ ತಿಂಗಳು ಕಳೆದರೂ ಇಳಿತವು ಬಹು ನಿಧಾನ. ಮರೆವು ಮೊದಲ ದಿನವೇ ಹೆಚ್ಚು ರಭಸದಿಂದ ಬರುವುದಾದರೆ, ಅದನ್ನು ತಡೆಯುವ ಮೊದಲ ಪುನರಾವರ್ತನೆಯೂ ಮರುದಿನವೇ ಆಗಬೇಕು. ಎರಡನೆಯದು ವಾರಕ್ಕೆ, ಮೂರನೆಯದು ತಿಂಗಳಿಗೆ ಆದರೂ ನಡೆದೀತು. ಇದನ್ನು ಆಚರಣೆಗೆ ತರಲು ಸೆಬಾಸ್ಟಿಯನ್ ಲೈಟ್ನರ್ ಎಂಬವನು 1972ರಲ್ಲಿ ಪೆಟ್ಟಿಗೆ ಚೀಟಿಗಳ ಉಪಾಯವನ್ನು ಪ್ರಚುರಪಡಿಸಿದನು. ನಮ್ಮ ಮನೆಗಳಲ್ಲಿ ಗಿಳಿಗೂಟಕ್ಕೆ ಸಿಕ್ಕಿಸಿಟ್ಟ ಲಗ್ನಪತ್ರಿಕೆಗಳಿಗೆ ಬರವಿಲ್ಲವಷ್ಟೆ. ಅವುಗಳ ಖಾಲಿ ಮಗ್ಗುಲನ್ನು ಚೀಟಿಗಳಾಗಿ ಕತ್ತರಿಸಿ, ಎರಡೆರಡನ್ನು ಬೆನ್ನಿಗೆ ಬೆನ್ನು ಅಂಟಿಸಿ, ಒಂದು ಕಡೆ ಪ್ರಶ್ನೆಯನ್ನೂ ಇನ್ನೊಂದು ಕಡೆ ಉತ್ತರವನ್ನೂ ಬರೆದು, ಮೂರು ಡಬ್ಬಿಗಳನ್ನು ಇಟ್ಟುಕೊಳ್ಳಬಹುದು. ಮೊದಲನೆಯ ಡಬ್ಬಿಯನ್ನು ದಿನಾಲು, ಎರಡನೆಯದನ್ನು ಮೂರು ದಿನಕ್ಕೊಮ್ಮೆ, ಮೂರನೆಯದನ್ನು ವಾರಕ್ಕೊಮ್ಮೆ ತೆಗೆಯುವುದು; ಉತ್ತರ ಬಂದ ಚೀಟಿಯು ಮುಂದಿನ ಡಬ್ಬಿಗೆ ಹೋಗುವುದು, ತಪ್ಪಿದುದು ಮೊದಲನೆಯದಕ್ಕೆ ಮರಳುವುದು. ಅಣ್ಣ ತಮ್ಮಂದಿರು ಒಬ್ಬರನ್ನೊಬ್ಬರು ಕೇಳುತ್ತ ಕುಳಿತರೆ ಅರ್ಧ ಗಂಟೆ ಹೋದುದೇ ತಿಳಿಯುವುದಿಲ್ಲ, ಹೊಲದ ಬದುವಿನ ಮೇಲೆಯೂ ಇದು ನಡೆಯತಕ್ಕ ಓದು.

ಆದರೆ ಇಂಥ ಉಪಾಯಗಳೆಲ್ಲ ನಾಲ್ಕು ದಿನ ನಡೆದು ನಿಂತುಹೋಗುವುದೇಕೆ? ದಿನಾಲೂ ಹೊತ್ತನ್ನು ಹೊಸದಾಗಿ ಹುಡುಕಬೇಕಾಗುವುದರಿಂದ. ಹೊತ್ತು ನಿಶ್ಚಿತವಾಗಿದ್ದರೆ ಸಂಕಲ್ಪಕ್ಕೆ ಅಷ್ಟು ಬಲವೇ ಬೇಡ. ಇದರ ನಿದರ್ಶನವನ್ನು ಹುಡುಕಲು ವಿಜಯಪುರ ಜಿಲ್ಲೆಯವರು ದೂರ ಹೋಗಬೇಕಾಗಿಲ್ಲ. ಈಗಿನ ತಿಕೋಟಾ ತಾಲೂಕಿಗೆ ಸೇರಿದ ಬಿಜ್ಜರಗಿಯಲ್ಲಿ ಜನಿಸಿ, ವಿಜಯಪುರದ ಜ್ಞಾನಯೋಗಾಶ್ರಮದಲ್ಲಿದ್ದುಕೊಂಡು 2023ರ ಜನವರಿ 2ರಂದು ದೇಹವಿಟ್ಟ ಸಿದ್ಧೇಶ್ವರ ಸ್ವಾಮಿಗಳು, ಊರಿಂದೂರಿಗೆ ತಿಂಗಳುಗಟ್ಟಲೆ ಪ್ರವಚನ ನಡೆಸುವಾಗ ಬೆಳಗಿನ ನಿಯತ ವೇಳೆಯನ್ನು ತಪ್ಪಿಸುತ್ತಿರಲಿಲ್ಲ. ಒಕ್ಕಲಿಗರೂ, ಅಂಗಡಿಕಾರರೂ, ಹೆಣ್ಣುಮಕ್ಕಳೂ ಆ ವೇಳೆಗೆ ಸ್ನಾನಮಾಡಿ ಬಂದು ಸದ್ದಿಲ್ಲದೆ ಕೂಡುತ್ತಿದ್ದರು. ಗಹನವಾದ ತತ್ತ್ವಗ್ರಂಥವು ಅಕ್ಷರ ಬಾರದವರ ಮನಸ್ಸಿಗೂ ದಿನಕ್ಕಿಷ್ಟರಂತೆ ಇಳಿಯುತ್ತಿದ್ದುದಕ್ಕೆ ಅವರ ಸರಳವಾದ ವಾಣಿಯಂತೆಯೇ ಈ ಕಾಲನಿಯಮವೂ ಕಾರಣವಾಗಿತ್ತೆಂದು ನಾನು ನಂಬಿದ್ದೇನೆ.

ಲಂಡನ್ ವಿಶ್ವವಿದ್ಯಾಲಯ ಕಾಲೇಜಿನ ಸಂಶೋಧಕರು 96 ಜನರನ್ನು ಪರಿಶೀಲಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹೊಸ ರೂಢಿಯೊಂದು ತಾನೇ ತಾನಾಗಿ ನಡೆಯುವ ಹಂತಕ್ಕೆ ಬರಲು ಮಧ್ಯಾಂಕದ ಲೆಕ್ಕದಲ್ಲಿ 66 ದಿನಗಳು ಹಿಡಿದುವು. ಕೆಲವರಿಗೆ 18 ದಿನಗಳೇ ಸಾಕಾಗುವಂತಿದ್ದರೆ, ಬೇರೆ ಕೆಲವರಿಗೆ 254 ದಿನಗಳು ಬೇಕಾಗುವಂತಿತ್ತು. ಆದುದರಿಂದ ಜೂನಿನಲ್ಲಿ ತೊಡಗಿದವರಿಗೆ ದಸರೆಯ ಹೊತ್ತಿಗೆ ಅದು ಬಹುಮಟ್ಟಿಗೆ ಸ್ವಭಾವವಾದೀತು. ನಡುವೆ ಒಂದು ದಿನ ತಪ್ಪಿದರೆ ರೂಢಿಯ ಬೆಳವಣಿಗೆಗೆ ಹೇಳಿಕೊಳ್ಳುವಷ್ಟು ಹಾನಿಯಾಗದೆಂದೂ ಅದೇ ಅಧ್ಯಯನವು ಕಂಡುಕೊಂಡಿತು. ಜಾತ್ರೆಯ ದಿನ, ನೆಂಟರು ಬಂದ ದಿನ ಓದು ತಪ್ಪಿತೆಂದು ಎಲ್ಲವನ್ನೂ ಕೈಚೆಲ್ಲುವ ಮಕ್ಕಳಿಗೆ ಈ ಮಾತನ್ನು ತಿಳಿಯಹೇಳಬೇಕು.

ಕೆಲಸದ ನಡುವೆ ಅಧ್ಯಯನವು ಸಾಧ್ಯವೇ ಎಂದು ಕೇಳುವವರಿಗೆ ವಿಜಯಪುರದ ಫ. ಗು. ಹಳಕಟ್ಟಿಯವರ ಬಾಳನ್ನು ನೆನಪಿಸುವುದು ಯೋಗ್ಯವಾಗಿದೆ. 1880ರಲ್ಲಿ ಧಾರವಾಡದಲ್ಲಿ ಹುಟ್ಟಿ, ವಿಜಯಪುರದಲ್ಲಿ ವಕೀಲಿಯನ್ನು ನಡೆಸುತ್ತ, ಶಿಕ್ಷಣಸಂಸ್ಥೆ ಸಹಕಾರಿ ಬ್ಯಾಂಕುಗಳ ಸ್ಥಾಪನೆಯಲ್ಲಿ ತೊಡಗಿದ್ದ ಅವರು, ಮನೆ ಮನೆಯಿಂದ ಕೂಡಿಸಿದ ವಚನಗಳ ಕಟ್ಟುಗಳನ್ನು ಬಿಡುವಿನ ಹೊತ್ತಿನಲ್ಲಿ ಓದಿ, ಪ್ರತಿಮಾಡಿ, ಪಾಠಗಳನ್ನು ಹೋಲಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದರು, 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ಆ ಗ್ರಂಥದಲ್ಲಿ ವಚನಗಳು ವಿಷಯಾನುಸಾರವಾಗಿ ವಿಂಗಡವಾಗಿವೆಯೆಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ಓದಿದುದನ್ನು ಬಂದ ಕ್ರಮದಲ್ಲಿಯೇ ಬಿಡದೆ, ತಾನೇ ತಲೆಬರಹಗಳನ್ನು ಕೊಟ್ಟು, ಇದು ಅದಕ್ಕೆ ಸೇರಿದ್ದು, ಇದು ಅದಕ್ಕೆ ವಿರುದ್ಧವಾದದ್ದು ಎಂದು ಜೋಡಿಸುವ ಕಾರ್ಯವನ್ನು ಇತಿಹಾಸದ ಪಾಠಕ್ಕೂ ಜೀವಶಾಸ್ತ್ರದ ಪಾಠಕ್ಕೂ ಅನ್ವಯಿಸಬಹುದು. ಅಂಗಡಿಯಲ್ಲಿ ಸಿಗುವ ಗೈಡುಗಳು ಈ ಕಾರ್ಯವನ್ನು ಮಕ್ಕಳಿಗೆ ಬದಲಾಗಿ ತಾವೇ ಮಾಡಿಬಿಡುವುದರಿಂದಲೇ ಅವುಗಳಿಂದ ಲಾಭ ಕಡಿಮೆ.

ಓದುವ ಹೊತ್ತಿನಲ್ಲಿ ಮೊಬೈಲನ್ನು ಬೇರೆ ಕೋಣೆಯಲ್ಲಿ, ಇಲ್ಲವೆ ತಾಯಿಯ ವಶದಲ್ಲಿ ಇಡುವುದು ಒಳಿತು. ನಿದ್ದೆಗೆಟ್ಟು ಓದುವುದಂತೂ ಬೇಡವೇ ಬೇಡ. ಹಗಲು ಕಲಿತುದನ್ನು ಮೆದುಳು ನೆಲೆಗೊಳಿಸಿಕೊಳ್ಳುವುದಕ್ಕೆ ನಿದ್ರೆಯು ಅವಶ್ಯಕವಾದುದು.

ಕೊನೆಗೆ, ಹೊತ್ತನ್ನು ಕುರಿತ ಈ ಮಾತುಗಳು ಮನೆಯೊಳಗೆ ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಸಮನಾಗಿ ಅನ್ವಯಿಸುವುದಿಲ್ಲವೆಂಬುದನ್ನು ಮುಚ್ಚಿಡಲಾಗದು. ನಸುಕಿನಲ್ಲಿ ಹುಡುಗನು ಎದ್ದರೆ ಪುಸ್ತಕವನ್ನು ಹಿಡಿಯಬಲ್ಲನು. ಅದೇ ತರಗತಿಯ ಅವನ ಅಕ್ಕ ಎದ್ದರೆ ಕಸ, ನೀರು, ಒಲೆ, ದನದ ಸೆಗಣಿ ಇವು ಮೊದಲು ಕರೆಯುತ್ತವೆ. ಅವಳಿಗೆ ದಿನದಲ್ಲಿ ಒಂದು ಗಂಟೆಯನ್ನು ಯಾರೂ ಕೂಗದ ಗಂಟೆಯೆಂದು ಗೊತ್ತುಮಾಡಿ, ಆ ಹೊತ್ತಿನ ನೀರನ್ನು ತಮ್ಮನು ತರುವಂತೆ ಮಾಡುವುದು ತಂದೆತಾಯಿಗಳ ಕೈಯಲ್ಲಿದೆ. ಮನೆಯಲ್ಲಿ ಸ್ಥಳವಿಲ್ಲದ ಪಕ್ಷದಲ್ಲಿ ಶಾಲೆಯ ಒಂದು ಕೋಣೆಯನ್ನು ಪಾಠಗಳು ಮುಗಿದ ಮೇಲೆಯೂ ಒಂದು ತಾಸು ತೆರೆದಿಟ್ಟು, ಒಬ್ಬ ಶಿಕ್ಷಕಿಯು ಜೊತೆಗಿದ್ದು, ಕತ್ತಲಾಗುವ ಮೊದಲು ಹುಡುಗಿಯರು ಗುಂಪಾಗಿ ಮನೆ ಸೇರುವ ಏರ್ಪಾಡನ್ನು ಊರಿನ ಶಾಲಾಭಿವೃದ್ಧಿ ಸಮಿತಿಯವರು ಈ ಜೂನಿನಲ್ಲಿಯೇ ಮಾಡಬಹುದು.