ರಾಗಿ ಹೊಲಕ್ಕೆ ಮಷೀನ್ ಇಳಿಸುವ ಮುನ್ನ

ಡಿಸೆಂಬರ್ ಬಂತೆಂದರೆ ಮದ್ದೂರು, ಮಳವಳ್ಳಿ ಕಡೆಯ ಟಾರು ರಸ್ತೆಗಳೇ ಕಣವಾಗುತ್ತವೆ. ರಾಗಿ ತೆನೆ ಹಾಸಿ ಬಸ್ಸು, ಲಾರಿಗಳ ಚಕ್ರದಡಿ ಒಕ್ಕಣೆ ಮುಗಿಸುವುದು ಅಪಾಯವೆಂದು ಎಲ್ಲರಿಗೂ ಗೊತ್ತು. ಆದರೆ ಆಳು ಸಿಗದ ರೈತ ಇನ್ನೇನು ಮಾಡಿಯಾನು? ಅದಕ್ಕೇ ಭತ್ತದ ಗದ್ದೆಗೆಂದು ಬಂದ ಕಟಾವು ಯಂತ್ರ ಈಗ ರಾಗಿ ಹೊಲಕ್ಕೂ ಇಳಿಯುತ್ತಿದೆ. ಬಾಡಿಗೆ ಗಂಟೆ ಲೆಕ್ಕ. ಡ್ರೈವರಿಗೂ ಅವಸರ, ಹೊಲದವರಿಗೂ ಅವಸರ. ಮುಂದಿನ ಹೆಡರ್ ಎಷ್ಟು ಎತ್ತರಕ್ಕೆ ಕೊಯ್ಯಬೇಕೆಂಬ ಮಾತೇ ಬರುವುದಿಲ್ಲ. ನಷ್ಟ ಶುರುವಾಗುವುದು ಅಲ್ಲಿಂದಲೇ.

ಪೈರನ್ನು ಒಳಕ್ಕೆ ಬಾಗಿಸುವ ರೀಲ್, ಕೊಯ್ಯುವ ಹಲ್ಲಿನ ಪಟ್ಟಿ, ಕೊಯ್ದದ್ದನ್ನು ನಡುವಿಗೆ ಎಳೆಯುವ ಸುರುಳಿ, ಇವು ಸೇರಿದ್ದೇ ಹೆಡರ್. ಚಕ್ರದ ದೊಡ್ಡ ಮಷೀನಿನದು ಸುಮಾರು 14 ಅಡಿ ಅಗಲ, ಚೈನಿನ ಮೇಲೆ ಓಡುವ ಸಣ್ಣದರದು ಆರೂವರೆ, ಏಳು ಅಡಿ. ವಿಶ್ವೇಶ್ವರಯ್ಯ ನಾಲೆಯ ಕೆಸರು ಗದ್ದೆಗೆ ಚೈನಿನದೇ ಸರಿ. ಮಳವಳ್ಳಿ ಕಡೆಯ ಖುಷ್ಕಿಯ ಸಣ್ಣ ತುಂಡುಗಳಿಗೂ ಅದೇ ವಾಸಿ. ಅರ್ಧ ಎಕರೆಯಲ್ಲಿ 14 ಅಡಿಯದು ತಿರುಗುವುದರಲ್ಲೇ ಹೊತ್ತು ಹೋಗುತ್ತದೆ, ಮೂಲೆಯ ತೆನೆಯೆಲ್ಲ ಚಕ್ರದಡಿ ಸಿಗುತ್ತದೆ.

ಎತ್ತರದ ಲೆಕ್ಕ ಅಷ್ಟು ಸುಲಭವಲ್ಲ. ಅಮೆರಿಕದಲ್ಲಿ ಮಷೀನಿಗೆ ಒಗ್ಗುವ ಗಿಡ್ಡ ಜೋಳ ಬೆಳೆಸಿ, ಹೆಡರ್ ಮೇಲೆತ್ತಿ ತೆನೆಯಷ್ಟನ್ನೇ ಕೊಯ್ದು ದಂಟನ್ನು ಹೊಲಕ್ಕೇ ಬಿಡುತ್ತಾರೆ. ವಿಜಯಪುರದ ಕಡೆ ಮಾಲದಂಡಿ ಜೋಳ ಬೆಳೆಯುವವರಿಗೆ ಅದು ಒಪ್ಪದು, ದನಕ್ಕೆ ಕಣಿಕೆ ಬೇಕಲ್ಲ. ಡೇರಿಗೆ ಹಾಲು ಹಾಕಿ ಸಂಸಾರ ತೂಗಿಸುವ ಮಂಡ್ಯದ ಮನೆಗೂ ರಾಗಿ ಹುಲ್ಲು ಬಿಟ್ಟುಕೊಡುವ ವಸ್ತುವಲ್ಲ. ಹೆಡರ್ ತಗ್ಗಿಸಿದರೆ ಹುಲ್ಲೇನೋ ಹೆಚ್ಚು ಸಿಗುತ್ತದೆ; ಆದರೆ ಅಷ್ಟೂ ಹುಲ್ಲು ತೆನೆ ಬಡಿದು ಕಾಳು ಬಿಡಿಸುವ ಡ್ರಮ್ಮಿನೊಳಗೆ ಹಾಯಬೇಕು. ಬುಡ ಹಸಿಯಿದ್ದರೆ ಡ್ರಮ್ಮಿಗೆ ಸುತ್ತಿಕೊಳ್ಳುತ್ತದೆ, ಕಾಳು ಹುಲ್ಲಿನ ಜತೆ ಹಿಂದಕ್ಕೆ ಹೋಗುತ್ತದೆ, ಮಣ್ಣೂ ಕಲ್ಲೂ ಮೂಟೆ ಸೇರುತ್ತವೆ. ಕೆಳಗಿನ ತೆನೆಯಿಂದ ಒಂದು ಗೇಣು ತಗ್ಗಿಗೆ ಕೊಯ್ಸಿ, ನಿಂತ ಹುಲ್ಲನ್ನು ಆಮೇಲೆ ಬೇಕಾದಷ್ಟು ಕುಯ್ದುಕೊಳ್ಳುವುದೇ ಮೇಲೆಂದು ನನ್ನ ಅನಿಸಿಕೆ. ಚೈನು ತುಳಿದ ಕಡೆಯ ಹುಲ್ಲು ಹಾಳಾಗುತ್ತದೆ, ನಿಜ. ಆದರೂ ಕಾಳು ಉಳಿಯುತ್ತದೆ.

ಇನ್ನೊಂದು ತೊಡಕು ರಾಗಿಯ ಗುಣದ್ದೇ. ತೆನೆಗಳೆಲ್ಲ ಒಮ್ಮೆಗೇ ಬಲಿಯುವುದಿಲ್ಲ. ಕೈಕೊಯ್ಲಿನಲ್ಲಿ ಬಲಿತದ್ದನ್ನು ಮೊದಲು ತೆಗೆದು ಉಳಿದದ್ದಕ್ಕೆ ಕಾಯಬಹುದು, ಮಷೀನಿಗೆ ಒಂದೇ ಸರದಿ. ಭಾರತದ ರಾಗಿಗೆ ಆಫ್ರಿಕಾದ ರಾಗಿ ಬೆರೆಸಿ ತಳಿವಿಜ್ಞಾನಿ ಲಕ್ಷ್ಮಣಯ್ಯನವರು ಇಂಡಾಫ್ ತಳಿಗಳನ್ನು ಕೊಟ್ಟದ್ದು ಮಂಡ್ಯದ ವಿ.ಸಿ. ಫಾರಂನಿಂದ. ಇಳುವರಿಯ ಆ ದೊಡ್ಡ ಕೆಲಸದ ಮುಂದಿನ ಹೆಜ್ಜೆಯಾಗಿ, ಒಟ್ಟಿಗೆ ಬಲಿತು ಒರಗದೆ ನಿಲ್ಲುವ ತಳಿಗಳೇ ಇನ್ನು ನಮ್ಮ ರೈತರಿಗೆ ಹೆಚ್ಚು ಬೇಕು.

ಸಾವಿರ ಭತ್ತದ ಕಾಳು 20 ಗ್ರಾಂ ಆಸುಪಾಸು ತೂಗಿದರೆ ಸಾವಿರ ರಾಗಿ ಕಾಳು ತೂಗುವುದು ಮೂರೇ ಗ್ರಾಂ. ಭತ್ತಕ್ಕೆ ಹೊಂದಿಸಿದ ಬ್ಲೋವರ್ ಗಾಳಿಯನ್ನು ಹಾಗೇ ಬಿಟ್ಟರೆ ರಾಗಿ ಹೊಟ್ಟಿನ ಜತೆ ಹಾರಿಹೋಗುತ್ತದೆ. ಗಾಳಿ ತಗ್ಗಿಸಬೇಕು, ಸಣ್ಣ ಕಣ್ಣಿನ ಜರಡಿ ಹಾಕಿಸಬೇಕು. ಇಬ್ಬನಿ ಪೂರ್ತಿ ಆರುವವರೆಗೆ ಮಷೀನ್ ಇಳಿಸಲೇಬಾರದು.

ಮೊದಲ ಸುತ್ತು ಮುಗಿದೊಡನೆ ನಿಲ್ಲಿಸಿ, ಸ್ವಲ್ಪ ಹಿಂದಕ್ಕೆ ಸರಿಸಿ ನೆಲ ನೋಡಿ. ಹೆಡರ್ ಮಾತ್ರ ಹಾದ ಜಾಗದಲ್ಲಿ ಇಡೀ ತೆನೆಗಳು ಬಿದ್ದಿದ್ದರೆ ರೀಲ್ ವೇಗ ಹೆಚ್ಚಾಗಿದೆ. ಹಿಂದೆ ಬಿದ್ದ ಹುಲ್ಲಿನ ತೆನೆಯಲ್ಲಿ ಇನ್ನೂ ಕಾಳು ಕಚ್ಚಿಕೊಂಡಿದ್ದರೆ ಡ್ರಮ್ ನಿಧಾನವಾಗಿದೆ, ಇಲ್ಲವೇ ಅದರ ಕೆಳಗಿನ ಸಂದು ದೊಡ್ಡದಾಗಿದೆ. ಹೊಟ್ಟಿನ ನಡುವೆ ಬಿಡಿ ಕಾಳು ಚೆಲ್ಲಿದ್ದರೆ ಅದು ಬ್ಲೋವರಿನದೋ ಜರಡಿಯದೋ ತಪ್ಪು. ಹೊಲದುದ್ದಕ್ಕೂ ಚದರಡಿಗೆ ಎಂಟು ರಾಗಿ ಕಾಳು ಬಿದ್ದರೆ ಎಕರೆಗೆ ಒಂದು ಕೆ.ಜಿ. ಹೋಯಿತೆಂದು ಲೆಕ್ಕ. ಎಂಬತ್ತು ಕಾಳೆಂದರೆ ಒಂದು ಚಿಟಿಕೆ, ಅಷ್ಟಕ್ಕೇ ಹತ್ತು ಕೆ.ಜಿ.! ಹುಲ್ಲು ಸುರಿದ ಸಾಲೊಂದನ್ನೇ ನೋಡದೆ ಹೆಡರಿನ ಅಗಲದುದ್ದಕ್ಕೂ ನಾಲ್ಕಾರು ಕಡೆ ಎಣಿಸಿ ಸರಾಸರಿ ಹಿಡಿಯಬೇಕು.

ಡ್ರೈವರ್ ಹೊರಗಿನವನಾಗಿ ಕನ್ನಡ ಬಾರದಿದ್ದರೂ ಅಂಗೈಯಲ್ಲಿ ಕಾಳು ತೋರಿಸಿದರೆ ಅವನಿಗೆ ಅರ್ಥವಾಗುತ್ತದೆ. ಹೀಗೆ ನಿಲ್ಲಿಸಿ ನೋಡುವ ಹೊತ್ತನ್ನು ಬಾಡಿಗೆಗೆ ಸೇರಿಸಬಾರದೆಂದು ಮಾತ್ರ ಮುಂಗಡ ಕೊಡುವಾಗಲೇ ಮಾತಾಡಿಕೊಳ್ಳಿ, ಸರ್ಕಾರದ ಬಾಡಿಗೆ ಯೋಜನೆ ಕೃಷಿ ಯಂತ್ರಧಾರೆಯಿಂದ ತರಿಸಿದರೂ ಸರಿ, ಖಾಸಗಿಯವರಿಂದ ತರಿಸಿದರೂ ಸರಿ.