ಮಿಶ್ರ ಛಾಪು ಬಲ್ಲವರಿಗೆ ರಾಕ್ ದೂರವಲ್ಲ

ಜಯನಗರ 8ನೇ ಬ್ಲಾಕಿನ ಜಯರಾಮ ಸೇವಾ ಮಂಡಳಿಯಲ್ಲಿ ಕಛೇರಿ ತನಿ ಆವರ್ತನಕ್ಕೆ ಬಂತೆಂದರೆ ಸಭೆಯ ಎಷ್ಟೋ ಕೈಗಳು ತೊಡೆಯ ಮೇಲೆ ತಾಳ ಹಿಡಿದಿರುತ್ತವೆ. ಮೃದಂಗದವರು ಲೆಕ್ಕಾಚಾರದಲ್ಲಿ ಎಷ್ಟೇ ದೂರ ಹೋಗಲಿ, ಮುಕ್ತಾಯವನ್ನು ಮೂರು ಸಲ ನುಡಿಸಿ ಎಡುಪಿಗೆ ಬಂದು ಕೂಡುವ ಹೊತ್ತಿಗೆ ತಲೆಗಳೆಲ್ಲ ಒಟ್ಟಿಗೆ ತೂಗುತ್ತವೆ. ಇಂಥ ಕೇಳುಗರಲ್ಲಿ ಅನೇಕರು ಪ್ರೊಗ್ರೆಸಿವ್ ರಾಕ್, ಜಾಝ್ ಫ್ಯೂಷನ್ ಎಂದೊಡನೆ ‘ಅದು ಹುಡುಗರ ಗದ್ದಲ’ ಎಂದು ದೂರ ಉಳಿಯುತ್ತಾರೆ. ಆ ಸಂಗೀತಕ್ಕೆ ಬೇಕಾದ ಕಿವಿ ನಿಜವಾಗಿ ಇವರದೇ. ಸಾಮಾನ್ಯ ರಾಕ್ ನಾಲ್ಕರ ಎಣಿಕೆಯಲ್ಲಿ ನಡೆಯುತ್ತದೆ. ಪ್ರೊಗ್ರೆಸಿವ್ ರಾಕಿನವರಿಗೆ ಅಷ್ಟು ಸಾಲಲಿಲ್ಲ. ಪಿಂಕ್ ಫ್ಲಾಯ್ಡ್ ತಂಡದ 1973ರ ‘ಮನಿ’ ಏಳರ ಎಣಿಕೆಯಲ್ಲಿದೆ. ಸ್ಯಾಕ್ಸೊಫೋನ್ ಅದೇ ಏಳರಲ್ಲಿ ಸುತ್ತಾಡಿದ ಮೇಲೆ ಗಿಟಾರಿನ ಸರದಿ ಬಂದಾಗ ನಡೆ ನಾಲ್ಕಕ್ಕೆ ತಿರುಗುತ್ತದೆ. ಜಾಝ್‌ನಲ್ಲಿ ಡೇವ್ ಬ್ರೂಬೆಕ್ ತಂಡದ 1959ರ ‘ಟೇಕ್ ಫೈವ್’ ಐದರದು. ‘ತಕಿಟ ತಕ’ ಎಂದು ಹೇಳಿಕೊಂಡರೆ ಸರಿಯಾಗಿ ಕೂರುತ್ತದೆ. ಇನ್ನು ಮಿಶ್ರ ಛಾಪಿನ ಏಳು ನಮಗೆ ಹೊಸದೇ? ಮೂರು ಮತ್ತು ನಾಲ್ಕು ಮಾತ್ರೆಗಳ ಗಣಗಳು ಒಂದರ ಹಿಂದೊಂದು ಬರುವ ಭಾಮಿನಿ ಷಟ್ಪದಿಯಲ್ಲಿ ಇಡೀ ಭಾರತವನ್ನೇ ಕೇಳಿದವರು ನಾವು.

ಈ ನಂಟನ್ನು ಮೊದಲೇ ಕಂಡುಕೊಂಡ ಸಂಸ್ಥೆಯೊಂದು ನಮ್ಮ ಬೆಂಗಳೂರಿನಲ್ಲೇ ಇದೆ. ಮೃದಂಗ ವಿದ್ವಾಂಸ ಟಿ.ಎ.ಎಸ್. ಮಣಿ 1964ರಲ್ಲಿ ಸ್ಥಾಪಿಸಿದ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ತಾಳವಾದ್ಯ ಕಲಿಸುವ ಶಾಲೆ. ಅದೇ ಹೆಸರಿನ ತಂಡ ಜರ್ಮನಿಯ ‘ಎಂಬ್ರಿಯೊ’ ಎಂಬ ರಾಕ್ ತಂಡದ ಜೊತೆ ನುಡಿಸಿತು. ನಾಗಸ್ವರವನ್ನೂ ಕಲಿತಿದ್ದ ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಜೊತೆ 1983ರಲ್ಲಿ ‘ಜ್ಯೋತಿ’ ಎಂಬ ಧ್ವನಿಮುದ್ರಿಕೆ ತಂದಿತು. ಅದರಲ್ಲಿ ಡ್ರಮ್ ಸೆಟ್ ಇಲ್ಲ, ಗಿಟಾರ್ ಇಲ್ಲ. ಆರ್.ಎ. ರಮಾಮಣಿಯವರ ಗಾಯನ, ಮೃದಂಗ, ಘಟ, ಖಂಜಿರ, ಕೊನ್ನಕೋಲು, ಇವುಗಳ ನಡುವೆ ಮರಿಯಾನೊ ಅವರ ಉಸಿರು. ಯಾರೂ ಯಾರಿಗೂ ಬರೀ ಪಕ್ಕವಾದ್ಯವಲ್ಲ. ಹಾಗಾಗಿ ಬೆಂಗಳೂರಿನ ಮಟ್ಟಿಗೆ ಫ್ಯೂಷನ್ ಬರೀ ಆಮದು ಸರಕಲ್ಲ. ಅದರ ಒಂದು ಬೇರು ಇಲ್ಲಿನ ಪಾಠದ ಕೋಣೆಯಲ್ಲಿದೆ.

ಫ್ಯೂಷನ್ ಎಂದರೆ ಕಲಬೆರಕೆ ಎನ್ನುವ ಆಕ್ಷೇಪವನ್ನು ಪೂರ್ತಿ ತಳ್ಳಿಹಾಕಲಾಗದು. ಸಿದ್ಧ ಬೀಟಿನ ಮೇಲೆ ನಾಲ್ಕು ಸ್ವರ ಕೊಳಲೂದಿ ಆ ಹೆಸರಿಟ್ಟ ಕಾರ್ಯಕ್ರಮಗಳು ಬೇಕಾದಷ್ಟಿವೆ. ಆದರೆ ಜೊಳ್ಳನ್ನು ತೋರಿಸಿ ಬೆಳೆಯನ್ನೇ ನಿರಾಕರಿಸುವುದು ನ್ಯಾಯವಲ್ಲ. ನುಡಿಸುವವರು ಒಬ್ಬರ ವ್ಯಾಕರಣವನ್ನು ಒಬ್ಬರು ಕಲಿತಿದ್ದಾರೆಯೇ ಎಂಬುದನ್ನು ನೋಡಬೇಕು. 2003ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ‘ಅಗಂ’ ತಂಡ ತ್ಯಾಗರಾಜರ ‘ಬಂಟುರೀತಿ’ಯನ್ನು ‘ಸ್ವಾನ್ಸ್ ಆಫ್ ಸರಸ್ವತಿ’ ಎಂದು ರಾಕ್ ವಾದ್ಯಗಳೊಡನೆ ಹಾಡುತ್ತದೆ. ಹಂಸನಾದ ಅಲ್ಲಿ ಹಂಸನಾದವಾಗಿಯೇ ಕೇಳುತ್ತದೆ. ಕೃತಿಯ ಭಕ್ತಿಗೆ ಗಿಟಾರ್ ಸಲ್ಲದು ಎನ್ನುವವರು ಪಿಟೀಲು ಎಲ್ಲಿಂದ ಬಂತೆಂದು ನೆನೆಯಬೇಕು. ಕದ್ರಿ ಗೋಪಾಲನಾಥರ ಸ್ಯಾಕ್ಸೊಫೋನ್ ಕೇಳಿದ ಮೇಲೂ ವಾದ್ಯದ ಹುಟ್ಟೂರು ವಿಚಾರಿಸಬೇಕೇ?

ಸದ್ದಿನ ದೂರು ಮಾತ್ರ ನಿಜ. ಸ್ಪೀಕರಿನ ಎದುರು ನಿಂತರೆ ಕಿವಿಗೆ ಪೆಟ್ಟು. ಹಿಂದೆ ಕೂರಬೇಕು, ಕಿವಿಗೆ ಇಯರ್‌ಪ್ಲಗ್ ಇಟ್ಟುಕೊಂಡರೂ ತಪ್ಪಿಲ್ಲ. ಆದರೂ ಹೋಗಿಯೇ ಕೇಳಬೇಕು. ಮನೆಯ ಮುದ್ರಿಕೆಯಲ್ಲಿ ಕಣ್ಣಿಗೆ ಏನೂ ಕಾಣದು. ವೇದಿಕೆಯಲ್ಲಿ ಗಿಟಾರಿನವರು ಮನೋಧರ್ಮದಲ್ಲಿ ಮುಳುಗಿರುವಾಗ ಬೇಸ್ ನುಡಿಸುವವರು ಡ್ರಮ್ಮರಿನ ಬಲಗೈಯನ್ನೇ ನೋಡುತ್ತಿರುತ್ತಾರೆ. ಆವರ್ತ ಮುಗಿಯಲು ಇನ್ನು ಎರಡೇ ಅಕ್ಷರ ಎನ್ನುವಾಗ ಎಲ್ಲರ ಕಣ್ಣೂ ಕೂಡುತ್ತವೆ, ಸಿಂಬಲ್ಲಿಗೆ ಏಟು ಬೀಳುತ್ತದೆ, ಇಡೀ ತಂಡ ಒಂದೇ ಪೆಟ್ಟಿಗೆ ಸಮಕ್ಕೆ ಬರುತ್ತದೆ. ತೊಡೆಯ ಮೇಲೆ ಏಳು ಎಣಿಸುತ್ತಾ ಕೂತವರಿಗೆ ಆ ಪೆಟ್ಟು ಎಲ್ಲಿ ಬೀಳುತ್ತದೆಂದು ಮೊದಲೇ ಗೊತ್ತಿರುತ್ತದೆ.