ಗಲ್ಲಾದಿಂದ ಕಾವಲಿಗೆ ಆನ್‌ಲೈನ್ ಆರ್ಡರಿನ ದಾರಿ

ಬೆಂಗಳೂರಿನ ದರ್ಶಿನಿಗಳಲ್ಲಿ ತಿಂಡಿ ಕೈಗೆ ಬರುವ ಕ್ರಮ ಎಲ್ಲರಿಗೂ ಗೊತ್ತು. ಗಲ್ಲಾದಲ್ಲಿ ದುಡ್ಡು ಕೊಡಬೇಕು, ಟೋಕನ್ ತೆಗೆದುಕೊಳ್ಳಬೇಕು, ಕೌಂಟರಿನ ಮೇಲಿಡಬೇಕು. 1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ತೆರೆದ ಮೇಲೆ ಊರೆಲ್ಲ ಹಬ್ಬಿದ ಪದ್ಧತಿ ಇದು. ಆನ್‌ಲೈನ್ ಆರ್ಡರ್ ಸಾಫ್ಟ್‌ವೇರ್ ಮಾಡುವುದೂ ಇದೇ ಕೆಲಸವನ್ನು. ಆದರೆ ಟೋಕನ್ ಪಡೆದವರು ಎದುರಿಗೆ ನಿಂತಿರುವುದಿಲ್ಲ. ಮಲ್ಲೇಶ್ವರದ ಮನೆಯಲ್ಲೋ ಚಾಮರಾಜಪೇಟೆಯ ಅಂಗಡಿಯಲ್ಲೋ ಕೂತಿರುತ್ತಾರೆ. ಎದುರಿಗಿದ್ದವರಿಗಾದರೆ "ಇಡ್ಲಿ ಆಗೋಯ್ತು ಸಾರ್, ಖಾರಾಬಾತ್ ಕೊಡ್ಲಾ?" ಎಂದು ಕೇಳಬಹುದು. ದೂರ ಇರುವವರಿಗೆ ಆ ಮಾತನ್ನು ಸಾಫ್ಟ್‌ವೇರೇ ಹೇಳಬೇಕು, ಅದೂ ಅವರು ದುಡ್ಡು ಕಟ್ಟುವ ಮುಂಚೆ. ಹಾಗಾಗಿ ಆರ್ಡರ್ ತರುವುದಕ್ಕಿಂತ ಆರ್ಡರ್ ತಡೆಯುವುದನ್ನು ಚೆನ್ನಾಗಿ ಬಲ್ಲ ಸಾಫ್ಟ್‌ವೇರೇ ಸಣ್ಣ ಹೋಟೆಲಿಗೆ ಒಳ್ಳೆಯದು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ದೋಸೆಯ ಕಾವಲಿಯನ್ನೇ ತೆಗೆದುಕೊಳ್ಳಿ. ಒಂದು ಸಲಕ್ಕೆ 12 ದೋಸೆ ಹುಯ್ಯಬಹುದು, ಒಂದು ಸುತ್ತಿಗೆ 6 ನಿಮಿಷ ಬೇಕು ಎಂದಿಟ್ಟುಕೊಂಡರೆ ಗಂಟೆಗೆ 120 ದೋಸೆ. ಭಾನುವಾರ ಬೆಳಿಗ್ಗೆ ಒಳಗೆ ಕೂತವರಿಗೇ 80 ಬೇಕಾದರೆ ಉಳಿಯುವುದು 40. ಅಂದರೆ ಪ್ರತಿ ಕಾಲು ಗಂಟೆಗೆ ಪಾರ್ಸೆಲ್ಲಿಗೆ 10 ದೋಸೆ ಮಾತ್ರ. ಈ ಲೆಕ್ಕವನ್ನು ಸಾಫ್ಟ್‌ವೇರಿಗೆ ಕೊಟ್ಟರೆ, ಹನ್ನೊಂದನೆಯ ದೋಸೆ ಕೇಳಿದವರಿಗೆ ಅದು ಮುಂದಿನ ಕಾಲು ಗಂಟೆಯ ಸಮಯ ತೋರಿಸುತ್ತದೆ. ಈ ಮಿತಿ ಹಾಕುವ ಸೌಲಭ್ಯ ಇಲ್ಲದಿದ್ದರೆ ಆರ್ಡರುಗಳು ಒಟ್ಟಿಗೆ ಬಂದು ಬೀಳುತ್ತವೆ. ಆಗ ಒಳಗಿನವರಿಗೂ ತಡ, ಹೊರಗಿನವರಿಗೂ ತಡ. ಮುಗಿದ ತಿಂಡಿಯನ್ನು ಪಟ್ಟಿಯಿಂದ ತೆಗೆಯುವ ಗುಂಡಿಯೂ ಗಲ್ಲಾದಲ್ಲಿ ಕೂತವರ ಕೈಗೆ ಒಂದೇ ಒತ್ತಿಗೆ ಸಿಗಬೇಕು.

ಪಾರ್ಸೆಲ್ ಪಟ್ಟಿ ಹೋಟೆಲಿನ ಗೋಡೆಯ ಪಟ್ಟಿಯ ನಕಲು ಆಗಬೇಕಿಲ್ಲ. ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್ 1965ರಿಂದ ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್‌ನಂಥ ಬೆರಳೆಣಿಕೆಯ ತಿಂಡಿಗಳಲ್ಲೇ ಹೆಸರು ಮಾಡಿದೆ. ಅಲ್ಲಿ ಸಾಂಬಾರೂ ಇಲ್ಲ, ಚಟ್ನಿಯೇ. ಇಂಥ ಚಿಕ್ಕ ಪಟ್ಟಿ ಆನ್‌ಲೈನಿಗೆ ಸಲೀಸು. ಗಾಂಧಿ ಬಜಾರಿನ ವಿದ್ಯಾರ್ಥಿ ಭವನದ ದೋಸೆಯಂತೆ ಗರಿಗರಿಯಾಗಿ ತಟ್ಟೆಗೆ ಬರಬೇಕಾದ್ದು ಡಬ್ಬಿಯೊಳಗಿನ ಆವಿಗೆ ಮೆತ್ತಗಾಗುತ್ತದೆ. ಅಂಥದ್ದನ್ನು ಹತ್ತಿರದವರಿಗಷ್ಟೇ ಕೊಡುವಂತೆ, ಅಥವಾ ಬಂದು ಒಯ್ಯುವವರಿಗಷ್ಟೇ ತೋರಿಸುವಂತೆ ಹೊಂದಿಸಬೇಕು. ದೂರದ ಮಿತಿಯನ್ನು ದಿನಕ್ಕೆ ತಕ್ಕಂತೆ ಬದಲಿಸಲೂ ಬರಬೇಕು. ಕಾರ್ತಿಕದ ಕೊನೆಯ ಸೋಮವಾರ ಕಡಲೆಕಾಯಿ ಪರಿಷೆ ನಡೆಯುವಾಗ ಬುಲ್ ಟೆಂಪಲ್ ರಸ್ತೆಯಲ್ಲಿ ಸ್ಕೂಟರ್ ನುಗ್ಗಿಸುವುದು ಸಾಧ್ಯವೇ?

ಆರ್ಡರ್ ಅಡುಗೆಮನೆ ತಲುಪುವುದು ಕೆಒಟಿ (ಕಿಚನ್ ಆರ್ಡರ್ ಟಿಕೆಟ್) ಚೀಟಿಯ ರೂಪದಲ್ಲಿ. ಇಲ್ಲಿ ಒಂದು ಸೂಕ್ಷ್ಮವಿದೆ. ಬಿಲ್ ಪ್ರಿಂಟರುಗಳ ಒಳಗೆ ಇಂಗ್ಲಿಷ್ ಅಕ್ಷರಗಳು ಮೊದಲೇ ತುಂಬಿರುತ್ತವೆ, ಕನ್ನಡದವು ಸಾಮಾನ್ಯವಾಗಿ ಇರುವುದಿಲ್ಲ. ಕನ್ನಡವನ್ನು ಅಕ್ಷರವಾಗಿಯೇ ಕಳಿಸಿದರೆ ಕಾಗದದ ಮೇಲೆ ಪ್ರಶ್ನಾರ್ಥಕ ಚಿಹ್ನೆಗಳೋ ಗೀಚುಗಳೋ ಮೂಡುತ್ತವೆ. ಸಾಫ್ಟ್‌ವೇರ್ ಆ ಸಾಲನ್ನು ಚಿತ್ರವಾಗಿ ಮಾಡಿ ಕಳಿಸಿದರೆ "ಖಾಲಿ ದೋಸೆ 2, ಚಟ್ನಿ ಬೇರೆ" ಎಂದು ಅಚ್ಚುಕಟ್ಟಾಗಿ ಬರುತ್ತದೆ. ಕಾವಲಿಯ ಮುಂದೆ ಬೆವರು ಸುರಿಸುತ್ತ ನಿಂತವರು ಓದಬೇಕಾದ ಚೀಟಿ ಅದು. ಕೊಳ್ಳುವ ಮೊದಲು ನಿಮ್ಮದೇ ಪ್ರಿಂಟರಿನಲ್ಲಿ ಕನ್ನಡದ ಚೀಟಿ ಹೊಡೆಸಿ ನೋಡಿ.

ಚೀಟಿ ಹೊರಡಬೇಕಾದದ್ದು ಹಣ ಬಂದಿದೆ ಎಂದು ಪೇಮೆಂಟ್ ಕಂಪನಿಯ ಸರ್ವರ್ ತಿಳಿಸಿದ ಮೇಲೆ. ಗ್ರಾಹಕರ ಫೋನಿನ ಸ್ಕ್ರೀನ್‌ಶಾಟ್ ನಂಬಬಾರದು. ಅಡುಗೆಮನೆ ಆರ್ಡರನ್ನು ನಿಗದಿತ ಸಮಯದಲ್ಲಿ ಒಪ್ಪಿಕೊಳ್ಳದಿದ್ದರೆ ಹಣ ತಾನಾಗಿ ವಾಪಸಾಗಬೇಕು; ಕರೆಂಟು ಹೋದ ಹೊತ್ತಿನಲ್ಲಿ ಇದರ ಬೆಲೆ ತಿಳಿಯುತ್ತದೆ.

ಇನ್ನು ಲೆಕ್ಕಾಚಾರ. 200 ರೂಪಾಯಿಯ ಆರ್ಡರಿಗೆ ಡೆಲಿವರಿ ಆ್ಯಪ್ ಶೇ. 25 ಕಮಿಷನ್ ಹಿಡಿಯುತ್ತದೆ ಎನ್ನೋಣ. 50 ರೂಪಾಯಿ ಹೋಯಿತು. ಆ ಕಮಿಷನ್ ಮೇಲೆ ಶೇ. 18 ಜಿಎಸ್‌ಟಿ, ಅಂದರೆ ಇನ್ನೂ 9 ರೂಪಾಯಿ. ಶೇ. 5ರ ಜಿಎಸ್‌ಟಿಯಲ್ಲಿರುವ ಹೋಟೆಲಿಗೆ ಆ 9 ರೂಪಾಯಿ ಹಿಂದಕ್ಕೆ ಸಿಗುವುದಿಲ್ಲ. ಕೈಗೆ ಬಂದದ್ದು 141; ಡಬ್ಬಿ, ಚೀಲದ ಖರ್ಚು ಅದರಲ್ಲೇ. ಆ್ಯಪ್ ಹೊಸ ಗಿರಾಕಿಗಳನ್ನೂ ಡೆಲಿವರಿಯವರನ್ನೂ ತರುತ್ತದೆ, ಅದಕ್ಕೆ ಬೆಲೆ ಇದ್ದೇ ಇದೆ. ಆದರೆ ಮುಂದಿನ ಬೀದಿಯಲ್ಲೇ ಇದ್ದು ವರ್ಷಗಳಿಂದ ಬರುತ್ತಿರುವವರ ಆರ್ಡರಿಗೂ ಇಷ್ಟು ಕೊಡುವುದು ಯಾಕೆ? ಬಸವನಗುಡಿ, ಮಲ್ಲೇಶ್ವರದಂಥ ನಡೆದೇ ಓಡಾಡಬಹುದಾದ ಬಡಾವಣೆಗಳಲ್ಲಿ ಹೋಟೆಲಿನದೇ ಲಿಂಕ್ ಇಟ್ಟು, ಮೊದಲೇ ಹಣ ಕಟ್ಟಿ ಬಂದು ಒಯ್ಯುವ ವ್ಯವಸ್ಥೆಯಿಂದ ಶುರು ಮಾಡುವುದೇ ಸರಿ. ಪಾರ್ಸೆಲ್ ಚೀಲದ ಮೇಲೊಂದು ಕ್ಯೂಆರ್ ಕೋಡ್ ಅಂಟಿಸಿದರೆ ಪ್ರಚಾರವಾಯಿತು.

ತೆರಿಗೆಯಲ್ಲೂ ಆ್ಯಪ್ ಆರ್ಡರಿಗೂ ಸ್ವಂತ ಲಿಂಕಿನ ಆರ್ಡರಿಗೂ ವ್ಯತ್ಯಾಸವಿದೆ. 2022ರ ಜನವರಿ 1ರಿಂದ ಸ್ವಿಗ್ಗಿ, ಜೊಮ್ಯಾಟೊದಂಥ ಆ್ಯಪ್ ಮೂಲಕ ಮಾರಿದ ಊಟದ ಶೇ. 5 ಜಿಎಸ್‌ಟಿಯನ್ನು ಆ್ಯಪ್‌ನವರೇ ಸರ್ಕಾರಕ್ಕೆ ಕಟ್ಟುತ್ತಾರೆ. ನಿಮ್ಮ ಸ್ವಂತ ಲಿಂಕಿನಲ್ಲಿ ಬಂದದ್ದಕ್ಕೆ ಕಟ್ಟಬೇಕಾದವರು ನೀವು. ಎರಡನ್ನೂ ಒಂದೇ ಲೆಕ್ಕಕ್ಕೆ ಸುರಿಯುವ ಸಾಫ್ಟ್‌ವೇರ್ ತಿಂಗಳ ಕೊನೆಗೆ ಆಡಿಟರಿಗೂ ನಿಮಗೂ ತಲೆನೋವು.

ಎಲ್ಲ ಕಡೆಯ ಆರ್ಡರನ್ನು ಒಂದೇ ಪರದೆಗೆ ತರುವ ಸೇವೆಗಳೂ ಇವೆ. ಬೆಂಗಳೂರಿನ ಅರ್ಬನ್‌ಪೈಪರ್, ಅಹಮದಾಬಾದಿನ ಪೆಟ್‌ಪೂಜಾ ಅಂಥವು. ದಿನಕ್ಕೆ ಕೆಲವೇ ಆರ್ಡರ್ ಬರುವ ಹೋಟೆಲಿಗೆ ಇದು ಬೇಕಿಲ್ಲ. ಇನ್ನೊಂದು ಆಯ್ಕೆ ಓಎನ್‌ಡಿಸಿ (ಓಪನ್ ನೆಟ್‌ವರ್ಕ್ ಫಾರ್ ಡಿಜಿಟಲ್ ಕಾಮರ್ಸ್) ಜಾಲ. 2022ರ ಸೆಪ್ಟೆಂಬರ್ 30ರಂದು ಅದು ಸಾರ್ವಜನಿಕರಿಗೆ ಪ್ರಾಯೋಗಿಕವಾಗಿ ತೆರೆದುಕೊಂಡದ್ದು ಬೆಂಗಳೂರಿನಲ್ಲೇ. ಮಾರುವವರ ಆ್ಯಪ್ ಬೇರೆ, ಕೊಳ್ಳುವವರ ಆ್ಯಪ್ ಬೇರೆ. ಒಂದು ಕಡೆ ಏರಿಸಿದ ಪಟ್ಟಿ ಹಲವು ಆ್ಯಪ್‌ಗಳಲ್ಲಿ ಕಾಣುತ್ತದೆ.

ಯಾವುದನ್ನೇ ಆರಿಸಿದರೂ ಸಹಿ ಹಾಕುವ ಮುನ್ನ ಕೆಲವು ಮಾತು ಕಾಗದದ ಮೇಲೆ ಬರಲಿ. ವೆಬ್ ವಿಳಾಸ ಹೋಟೆಲಿನ ಮಾಲೀಕರ ಹೆಸರಿನಲ್ಲಿ ನೋಂದಣಿಯಾಗಬೇಕು. ಒಪ್ಪಿಗೆ ಕೊಟ್ಟ ಗಿರಾಕಿಗಳ ಫೋನ್ ನಂಬರ್, ತಿಂಡಿಗಳ ಪಟ್ಟಿ, ಹಳೆಯ ಬಿಲ್ಲುಗಳು ಕೇಳಿದಾಗ ಎಕ್ಸೆಲ್ ಫೈಲಾಗಿ ಸಿಗಬೇಕು. ಆನ್‌ಲೈನ್ ಹಣ ಎಷ್ಟು ದಿನಕ್ಕೆ ನಿಮ್ಮ ಬ್ಯಾಂಕ್ ಖಾತೆಗೆ ಬರುತ್ತದೆ, ಅದರಲ್ಲಿ ಎಷ್ಟು ಕಡಿತ ಎಂಬುದೂ ಬರೆದಿರಲಿ. ಬೆಳಿಗ್ಗೆ ಆರೂವರೆಗೆ ಪ್ರಿಂಟರ್ ನಿಂತರೆ ಫೋನ್ ಎತ್ತುವವರು ಯಾರು ಎಂದು ಕೇಳಿ, ಆ ನಂಬರಿಗೆ ಒಂದು ದಿನ ಅದೇ ಹೊತ್ತಿಗೆ ಕರೆ ಮಾಡಿ ನೋಡಿ.